ಬಂದೂಕಿಗೆ ಹೊಸ ಹಿಡಿ ಹಾಕಿಸುವಿರಾ? ಮೊದಲು ಅಳತೆ ನೋಡಿ

ರಾಗಿ ತೆನೆ ಬಲಿಯುವ ಹೊತ್ತಿಗೆ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಕಡೆಯ ಕಾಡಂಚಿನ ರೈತನಿಗೆ ನಿದ್ದೆಯಿಲ್ಲ. ಮಂಡ್ಯ, ಮದ್ದೂರು ಕಡೆ ಕಬ್ಬಿನ ಗದ್ದೆಯೇ ಹಂದಿಗಳಿಗೆ ಮನೆ. ಬೆಳೆ ಕಾವಲಿಗೆಂದು ಲೈಸೆನ್ಸ್ ಪಡೆದ ಹಳೆಯ ಬಂದೂಕು ಕೆಲವರಲ್ಲಿದೆ. ನಳಿಗೆ ಗಟ್ಟಿಯಾಗಿದ್ದರೂ ಮರದ ಹಿಡಿ ಸೀಳಿರುತ್ತದೆ. ತಂತಿ ಸುತ್ತಿ, ಅಂಟು ಮೆತ್ತಿ ಕಾಲ ತಳ್ಳುವವರುಂಟು. ಇದು ಅಪಾಯ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆಗ ಸೀಳು ಬಾಯಿಬಿಟ್ಟರೆ ಕೆನ್ನೆ, ಕೈಗೆ ಗಾಯ. ನಳಿಗೆ ತಿರುಗಿದರೆ ಪಕ್ಕದವರ ಜೀವಕ್ಕೇ ಸಂಚಕಾರ.

ಬದಲಿಸುವುದು ಯಾವಾಗ?

ಕೈ ಹಿಡಿಯುವ ಸಣ್ಣ ಭಾಗದಲ್ಲಿ ಸೀಳಿದ್ದರೆ, ಇಲ್ಲವೇ ಕಬ್ಬಿಣ ಕೂರುವ ಕಡೆ ಮರ ಎಣ್ಣೆ ಕುಡಿದು ಮೆತ್ತಗಾಗಿದ್ದರೆ ಬದಲಿಸಿಬಿಡಿ. ಊರ ಬಡಗಿಯ ಹತ್ತಿರ ಒಯ್ಯಬೇಡಿ. 1959ರ ಆಯುಧ ಕಾಯ್ದೆಯ 5ನೆಯ ಕಲಮಿನಂತೆ, ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿಯ ಕಸುಬು ಮಾಡುವಂತಿಲ್ಲ. ಗುಂಡು ತೆಗೆದು ಖಾಲಿ ಮಾಡಿ, ನಿಮ್ಮ ಲೈಸೆನ್ಸ್ ಪುಸ್ತಕದೊಡನೆ ನೀವೇ ಪರವಾನಗಿ ಪಡೆದ ಅಂಗಡಿಗೆ ಹೋಗಿ. ರಸೀದಿ ಕೇಳಿ ಪಡೆಯಿರಿ. ಮುರಿದ ಹಳೆಯ ಹಿಡಿಯನ್ನು ಎಸೆಯಬೇಡಿ. ಹೊಸದಕ್ಕೆ ಅದೇ ಅಚ್ಚು.

ಅಳತೆ ಹೇಗೆ?

ಖಾಲಿ ಬಂದೂಕಿನ ಹಿಡಿಯ ತುದಿಯನ್ನು ಮಡಿಸಿದ ಮೊಣಕೈಯ ಒಳಮೂಲೆಗೆ ಇಡಿ. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್‌ಗೆ ತಾಗಿದರೆ ಉದ್ದ ಸುಮಾರಾಗಿ ಸರಿ. ಆದರೆ ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಕಾಯುವವರು ಕಂಬಳಿ ಹೊದ್ದೇ ನೋಡಬೇಕು. ದಪ್ಪ ಬಟ್ಟೆಗೆ ಉದ್ದ ಹಿಡಿ ಸಿಕ್ಕಿಕೊಳ್ಳುತ್ತದೆ. ಅರ್ಧ ಅಂಗುಲ ಗಿಡ್ಡವಿದ್ದರೇ ಅನುಕೂಲ.

ಬಳಿಕ ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕೆ ಏರಿಸಿ, ಕಣ್ಣು ತೆರೆಯಿರಿ. ದೃಷ್ಟಿ ನೇರ ನಳಿಗೆಯ ಮೇಲೆ ಹರಿಯಬೇಕು. ನಳಿಗೆಯ ಬೆನ್ನು ಬಹಳ ಕಂಡರೆ ಕೆನ್ನೆ ತಾಗುವ ಭಾಗ ಎತ್ತರವಾಯಿತು, ಗುಂಡು ಮೇಲೆ ಹೋಗುತ್ತದೆ. ನಳಿಗೆಯೇ ಕಾಣದಿದ್ದರೆ ತಗ್ಗಾಯಿತು. ಹಿಡಿ ಉದ್ದವಾದರೆ ಮರ ಕತ್ತರಿಸಬಹುದು, ಗಿಡ್ಡವಾದರೆ ರಬ್ಬರ್ ಪಟ್ಟಿ ಕೂಡಿಸಬಹುದು. ಆದರೆ ನಳಿಗೆಯನ್ನು ಕತ್ತರಿಸುವುದು ಅಪರಾಧ.

ಮರ ಎಂಥದು?

ಅಖರೋಟಿನ ಮರ ಹಗುರ, ಒದೆತ ತಡೆಯುತ್ತದೆ. ಶೀಸಮ್ ಗಟ್ಟಿ, ಆದರೆ ಭಾರ. ಯಾವುದಾದರೂ ಚೆನ್ನಾಗಿ ಒಣಗಿರಬೇಕು. ಹಸಿ ಮರ ಕುಗ್ಗಿ ಸಡಿಲವಾಗುತ್ತದೆ. ಸಣ್ಣ ಭಾಗದಲ್ಲಿ ಮರದ ಎಳೆ ಉದ್ದಕ್ಕೆ ಹರಿದಿರಬೇಕು, ಗಂಟು ಇರಬಾರದು. ಎಳೆ ಅಡ್ಡಲಾದರೆ ಅಲ್ಲೇ ಮುರಿಯುತ್ತದೆ. ಮಾದರಿ ಒಂದೇ ಎಂದು ಸಿದ್ಧ ಹಿಡಿ ಕೊಂಡರೂ ಕೆತ್ತಿ ಕೂರಿಸಲೇಬೇಕು. ಗುದ್ದಲಿಯ ಕಾವು ಸಡಿಲವಿದ್ದರೆ ಏಟಿಗೊಮ್ಮೆ ಅಲ್ಲಾಡುತ್ತದಲ್ಲವೇ? ಇಲ್ಲಿಯೂ ಕಬ್ಬಿಣಕ್ಕೂ ಮರಕ್ಕೂ ಸಂದು ಉಳಿದರೆ, ಒಂದೊಂದು ಗುಂಡೂ ಸುತ್ತಿಗೆಯಂತೆ ಬಡಿದು ಮರ ಸೀಳುತ್ತದೆ.

ಜೋಪಾನ

ಹೊಸ ಹಿಡಿಗೆ ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ. ನಳಿಗೆಯನ್ನು ಮೇಲೆ ಮಾಡಿ ಮೂಲೆಯಲ್ಲಿ ನಿಲ್ಲಿಸಿದರೆ ಅದರ ಎಣ್ಣೆ ಇಳಿದು ಮರ ಕೆಡುತ್ತದೆ; ಬಾಯಿ ಕೆಳಗೆ ಮಾಡಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಚುನಾವಣೆಗೆ ಠಾಣೆಯಲ್ಲಿ ಒಪ್ಪಿಸಿದ ಬಂದೂಕನ್ನು ಮರಳಿ ತಂದಾಗಲೂ ಹಿಡಿಯನ್ನೊಮ್ಮೆ ತಿರುಗಿಸಿ ನೋಡಿ.

ಕೊನೆಯ ಮಾತು: ಹಿಡಿ ಎಷ್ಟೇ ಸರಿಹೊಂದಲಿ, 1972ರ ವನ್ಯಜೀವಿ ಕಾಯ್ದೆಯಂತೆ ಅಪ್ಪಣೆಯಿಲ್ಲದೆ ಹಂದಿಗೆ ಗುಂಡು ಹೊಡೆಯುವಂತಿಲ್ಲ. ಬೆಳೆ ಹಾನಿಯಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಬೆಳೆ ಉಳಿಸಲು ಹೋಗಿ ಕೈಯನ್ನೋ, ಲೈಸೆನ್ಸನ್ನೋ ಕಳೆದುಕೊಳ್ಳಬೇಡಿ.