ಇಳಕಲ್ಲಿಗೆ ಹಳಿ ಬರಬೇಕಾದರೆ ರೈಲ್ವೆಯ ಯಾವ ಲೆಕ್ಕ ನೋಡಬೇಕು?

ಬಾದಾಮಿ, ಬಾಗಲಕೋಟೆಗಳನ್ನು ಹಾದುಹೋಗುವ ಗದಗ–ಹೋಟಗಿ ಮಾರ್ಗವನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿತು. ಅದೇ ಬಾಗಲಕೋಟೆ ಜಿಲ್ಲೆಯ ಹುನಗುಂದ, ಇಳಕಲ್‌ಗಳು ಇಂದಿಗೂ ಹಳಿ ಕಂಡಿಲ್ಲ. ಇಳಕಲ್ಲಿನ ಸೀರೆಯೂ ಗ್ರಾನೈಟೂ ಲಾರಿ ಹತ್ತಿಯೇ ಊರು ಬಿಡಬೇಕು. ಪ್ರತಿ ಫೆಬ್ರುವರಿಯಲ್ಲಿ ‘ಬಜೆಟ್‌ನ್ಯಾಗ ನಮ್ಮೂರ ಹೆಸರು ಬಂತೇನ್ರಿ?’ ಎಂದು ಕೇಳುತ್ತೇವೆ, ಬಂದಿಲ್ಲವೆಂದರೆ ಬೇಸರಪಟ್ಟು ಸುಮ್ಮನಾಗುತ್ತೇವೆ. ರೈಲ್ವೆಯ ವಾರ್ಷಿಕ ಲೆಕ್ಕ ಹೇಗೆ ನಡೆಯುತ್ತದೆಂದು ತಿಳಿದರೆ ಆ ಪ್ರಶ್ನೆಯನ್ನು ಸರಿಯಾದ ಬಾಗಿಲಲ್ಲಿ ಕೇಳಬಹುದು.

ಆಕ್ವರ್ತ್ ಸಮಿತಿಯ ಶಿಫಾರಸಿನಂತೆ 1924ರಲ್ಲಿ ರೈಲ್ವೆ ಹಣಕಾಸನ್ನು ಸರ್ಕಾರದ ಸಾಮಾನ್ಯ ಹಣಕಾಸಿನಿಂದ ಬೇರ್ಪಡಿಸಲಾಯಿತು. 2016ರಲ್ಲಿ ಸುರೇಶ್ ಪ್ರಭು ಮಂಡಿಸಿದ್ದೇ ಕೊನೆಯ ಪ್ರತ್ಯೇಕ ರೈಲ್ವೆ ಬಜೆಟ್. 2017ರಿಂದ ಅದು ಕೇಂದ್ರ ಬಜೆಟ್ಟಿನಲ್ಲಿ ಸೇರಿಹೋಗಿದೆ. ಸಚಿವರು ಎದ್ದುನಿಂತು ಊರೂರಿನ ಹೆಸರು ಓದುವ ಭಾಷಣ ಈಗಿಲ್ಲ. ಹಾಗಾಗಿ ಟಿ.ವಿ. ಮುಂದೆ ಕಾದು ಕುಳಿತರೆ ನಮ್ಮ ಮಾರ್ಗದ ಸುದ್ದಿ ಸಿಗುವುದಿಲ್ಲ.

ರೈಲ್ವೆಗೆ ಎರಡು ಚೀಲಗಳಿವೆ. ಒಂದು ದಿನನಿತ್ಯದ ಓಡಾಟದ್ದು. ಟಿಕೆಟ್ ಮತ್ತು ಸರಕಿನಿಂದ ಬಂದ ಹಣ ಇದಕ್ಕೆ ಬೀಳುತ್ತದೆ, ಸಂಬಳ, ಪಿಂಚಣಿ, ಇಂಧನ, ದುರಸ್ತಿ ಇದರಿಂದಲೇ ಹೋಗುತ್ತವೆ. 2023–24ರಲ್ಲಿ ಸರಕಿನಿಂದ ಸುಮಾರು 1.68 ಲಕ್ಷ ಕೋಟಿ ರೂಪಾಯಿ ಬಂದರೆ, ಪ್ರಯಾಣಿಕರಿಂದ ಬಂದದ್ದು ಸುಮಾರು 70 ಸಾವಿರ ಕೋಟಿ. ಆ ವರ್ಷ ನೂರು ರೂಪಾಯಿ ಗಳಿಸಲು ರೈಲ್ವೆ 98 ರೂಪಾಯಿ 43 ಪೈಸೆ ಖರ್ಚು ಮಾಡಿತು. 2021–22ರಲ್ಲಂತೂ ಖರ್ಚು 107 ರೂಪಾಯಿ ದಾಟಿತ್ತು. ನಮ್ಮ ಟಿಕೆಟ್ ದರ ಪ್ರಯಾಣದ ಪೂರ್ತಿ ವೆಚ್ಚವನ್ನು ತುಂಬುವುದಿಲ್ಲ. ಉಳಿದದ್ದನ್ನು ಕಲ್ಲಿದ್ದಲು, ಸಿಮೆಂಟು, ಅದಿರು ತುಂಬುತ್ತವೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿರುವ ಎನ್‌ಟಿಪಿಸಿ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಬರುವುದು ನಮ್ಮ ಹೋಟಗಿ ಮಾರ್ಗದಲ್ಲೇ. ಆ ಮಾರ್ಗದ ಹೋಟಗಿ–ಕೂಡಗಿ ಭಾಗ ಜೋಡಿಹಳಿಯಾಗಲು ಎನ್‌ಟಿಪಿಸಿಯೇ ಹಣ ಕಟ್ಟಿತು. ಸರಕು ಇರುವಲ್ಲಿ ಹಣ ಹೇಗೆ ತಾನಾಗಿ ಬರುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ನೂರಕ್ಕೆ ಒಂದೂವರೆ ರೂಪಾಯಿ ಉಳಿಸಿಕೊಂಡು ಯಾರೂ ಹೊಸ ಮಾರ್ಗ ಹಾಕಲಾರರು. ಅದಕ್ಕೆ ಎರಡನೆಯ ಚೀಲ, ಬಂಡವಾಳದ್ದು. 2024–25ರಲ್ಲಿ ಕೇಂದ್ರ ಖಜಾನೆ ಇದಕ್ಕೆ ಸುಮಾರು 2.52 ಲಕ್ಷ ಕೋಟಿ ರೂಪಾಯಿ ಕೊಟ್ಟಿತು. ಅದೇ ವರ್ಷ ಕರ್ನಾಟಕದ ಕಾಮಗಾರಿಗಳಿಗೆ 7,559 ಕೋಟಿ ಎಂದು ಘೋಷಣೆಯಾಯಿತು.

ಒಂದು ಮಾರ್ಗ ಈ ಚೀಲದವರೆಗೆ ತಲುಪಲು ಮೊದಲು ಸರ್ವೆ, ಆಮೇಲೆ ವಿಸ್ತೃತ ಯೋಜನಾ ವರದಿ ಆಗಬೇಕು. ಹಾಕಿದ ಹಣಕ್ಕೆ ಶೇ 14ರಷ್ಟು ಪ್ರತಿಫಲ ಬರಬೇಕೆಂಬುದು ಬಹುಕಾಲ ರೈಲ್ವೆಯ ಅಳತೆಗೋಲಾಗಿತ್ತು, ಬಡ ತಾಲ್ಲೂಕುಗಳ ಮಾರ್ಗಗಳು ಎಡವುತ್ತಿದ್ದದ್ದು ಇಲ್ಲೇ. ಸಾವಿರ ಕೋಟಿ ದಾಟಿದ ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆಯೂ ಬೇಕು. ಇಷ್ಟೆಲ್ಲ ಆಗಿ ಮಂಜೂರಾದ ಕೆಲಸ ‘ಪಿಂಕ್ ಬುಕ್’ ಎಂಬ ಕಾಮಗಾರಿ ಪಟ್ಟಿಯಲ್ಲಿ ಸೇರುತ್ತದೆ. ಸೇರಿದ ಮಾತ್ರಕ್ಕೆ ಹಣ ಬಂತೆಂದಲ್ಲ. ಕೆಲವು ಯೋಜನೆಗಳ ಎದುರು ವರ್ಷಕ್ಕೆ ಒಂದು ಸಾವಿರ ರೂಪಾಯಿ ಎಂದಷ್ಟೇ ಬರೆದಿರುತ್ತದೆ, ಕಡತ ಸಾಯದಂತೆ ಇಡುವ ಮೊತ್ತ ಅದು. ಪತ್ರಿಕೆಗಳಲ್ಲಿ ‘ಮಂಜೂರು’ ಎಂದು ದಪ್ಪಕ್ಷರದಲ್ಲಿ ಬಂದಾಗ ಓದುಗರು ಮೊದಲು ಕೇಳಬೇಕಾದದ್ದು ಈ ವರ್ಷದ ಮೊತ್ತ ಎಷ್ಟೆಂದು.

ಬಾಗಲಕೋಟೆ–ಕುಡಚಿ ಮಾರ್ಗವನ್ನೇ ನೋಡಿ. 142 ಕಿ.ಮೀ. ಉದ್ದದ ಇದು 2010–11ರಲ್ಲಿ ಮಂಜೂರಾಯಿತು. ವೆಚ್ಚದಲ್ಲಿ ರೈಲ್ವೆಗೂ ರಾಜ್ಯಕ್ಕೂ ಸಮಪಾಲು, ಜಮೀನನ್ನು ರಾಜ್ಯ ಉಚಿತವಾಗಿ ಕೊಡಬೇಕು. ಲೋಕಾಪುರ, ಮುಧೋಳ ಸುತ್ತಿನ ಸಿಮೆಂಟು ಮತ್ತು ಸಕ್ಕರೆಯೇ ಸಾಕಷ್ಟು ಸರಕು. ಆದರೂ ಮೊದಲು ಓಡಾಟಕ್ಕೆ ಸಿಕ್ಕದ್ದು ಖಜ್ಜಿಡೋಣಿವರೆಗಿನ ಮೂವತ್ತು ಚಿಲ್ಲರೆ ಕಿ.ಮೀ. ಮಾತ್ರ, ಮುಂದಿನ ಕೆಲಸ ಜಮೀನಿನ ಬಳಿ ಕುಂಟಿತು. ಆಲಮಟ್ಟಿ ಹಿನ್ನೀರಿಗೆ ಊರು, ಹೊಲ ಕೊಟ್ಟ ಜಿಲ್ಲೆ ಇದು. ಇಲ್ಲಿಯ ರೈತ ಇನ್ನೊಂದು ಸರ್ವೆ ಕಲ್ಲು ಕಂಡಾಗ ಪರಿಹಾರದ ಲೆಕ್ಕ ಕೇಳುವುದು ಪೂರ್ತಿ ನ್ಯಾಯ. ತಡವಾದಷ್ಟೂ ಅಂದಾಜು ವೆಚ್ಚ ಏರುತ್ತದೆ, ಏರಿದ ವೆಚ್ಚದ ಅರ್ಧ ಮತ್ತೆ ರಾಜ್ಯದ ಮೇಲೆ ಬೀಳುತ್ತದೆ. ಗದಗ–ವಾಡಿ ಮಾರ್ಗಕ್ಕೂ ಇದೇ ಸಮಪಾಲಿನ ಒಪ್ಪಂದ. ಅಲ್ಲಿ ಹಳಿ ಕುಷ್ಟಗಿ ಮುಟ್ಟಿ, 2025ರ ಮೇ 15ರಂದು ಹುಬ್ಬಳ್ಳಿ ರೈಲು ಓಡಿತು. ಇಳಕಲ್ಲಿಗೆ ಅದೀಗ ಪಕ್ಕದ ತಾಲ್ಲೂಕಿನ ನಿಲ್ದಾಣ.

ಇನ್ನು ಆಡಳಿತ. 2003ರ ಏಪ್ರಿಲ್‌ವರೆಗೆ ನಮ್ಮ ಭಾಗ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಯಲ್ಲಿತ್ತು. ಈಗ ಹುಬ್ಬಳ್ಳಿಯೇ ನೈಋತ್ಯ ರೈಲ್ವೆಯ ಕೇಂದ್ರ, ವಿಭಾಗವೂ ಹುಬ್ಬಳ್ಳಿಯದೇ. ಪ್ಲಾಟ್‌ಫಾರ್ಮಿನ ನೆರಳು, ಕುಡಿಯುವ ನೀರಿನಂಥ ವಿಷಯಕ್ಕೆ ವಿಭಾಗೀಯ ವ್ಯವಸ್ಥಾಪಕರಿದ್ದಾರೆ. ಹೊಸ ಕಾಮಗಾರಿಯ ಪ್ರಸ್ತಾವ ಪ್ರಧಾನ ವ್ಯವಸ್ಥಾಪಕರ ಕಚೇರಿಯಿಂದ ದೆಹಲಿಯ ರೈಲ್ವೆ ಮಂಡಳಿಗೆ ಹೋಗುತ್ತದೆ. ವಲಯಗಳು ಆಗಸ್ಟಿನಲ್ಲೇ ಆ ಸಾಲಿನ ಖರ್ಚನ್ನು ಮರುಪರಿಶೀಲಿಸಿ ಹೆಚ್ಚುವರಿ ಬೇಡಿಕೆ ಇಡುತ್ತವೆ, ವರ್ಷಾಂತ್ಯದ ಹೊತ್ತಿಗೆ ಪರಿಷ್ಕೃತ ಅಂದಾಜು ಸಿದ್ಧವಾಗುತ್ತದೆ. ಆದ್ದರಿಂದ ಸಂಸದರ ಮುಂದೆ ಮನವಿ ಇಡುವ ಕಾಲ ಮುಂಗಾರು. ಜನವರಿಯ ಧರಣಿ ಹೊತ್ತಿಗೆ ಅಂಕಿಗಳು ಬಹುಪಾಲು ಗಟ್ಟಿಯಾಗಿರುತ್ತವೆ.

ಬಜೆಟ್ ಮುಗಿದ ಮೇಲೆ ರೈಲ್ವೆ ಇಲಾಖೆಯ ಜಾಲತಾಣದಲ್ಲಿ ನೈಋತ್ಯ ರೈಲ್ವೆಯ ಪಿಂಕ್ ಬುಕ್ ತೆರೆದು ಒಟ್ಟು ಅಂದಾಜು, ಈವರೆಗಿನ ಖರ್ಚು, ಈ ವರ್ಷದ ಮೊತ್ತ ಎಂಬ ಮೂರು ಕಾಲಂ ಓದಿ. ಆಮೇಲೆ ರಾಜ್ಯ ಬಜೆಟ್ಟಿನಲ್ಲಿ ಮೂಲಸೌಲಭ್ಯ ಅಭಿವೃದ್ಧಿ ಇಲಾಖೆ ಅದೇ ಮಾರ್ಗಕ್ಕೆ ತನ್ನ ಪಾಲು ಇಟ್ಟಿದೆಯೇ ನೋಡಿ. ಇವೆರಡರಲ್ಲೂ ಹಣವಿದ್ದು ಕೆಲಸ ನಿಂತಿದ್ದರೆ, ಎಷ್ಟು ಎಕರೆ ಹಸ್ತಾಂತರವಾಗಿದೆ, ಎಷ್ಟು ಬಾಕಿ ಇದೆ ಎಂದು ನವನಗರದ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.