ಗುತ್ತಿಗೆದಾರರು ಕೂಡಿ ನಡೆದರೆ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲುಮಾರ್ಗದ ಊರುಗಳು. ಆದರೂ ಇಲ್ಲಿಯ ಕಟ್ಟಡ ಗುತ್ತಿಗೆದಾರರು ಪರಸ್ಪರ ಅಪರಿಚಿತರಂತೆ ವ್ಯವಹರಿಸುವುದನ್ನು ನಾವು ಕಂಡಿದ್ದೇವೆ. ಒಬ್ಬರ ಸೆಂಟ್ರಿಂಗ್ ತಗಡುಗಳು ಅಂಗಳದಲ್ಲಿ ತುಕ್ಕು ಹಿಡಿಯುತ್ತಿರಲು, ಮತ್ತೊಬ್ಬರು ಅಂಥವನ್ನೇ ದೂರದಿಂದ ಬಾಡಿಗೆಗೆ ತರಿಸುತ್ತಾರೆ.

ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ರೈತರು 1905ರಲ್ಲಿಯೇ ಸಹಕಾರಿ ಸಂಘದಲ್ಲಿ ಒಂದುಗೂಡಿದ್ದರು. ಕಟ್ಟುವ ಕಸುಬಿನವರಿಗೆ ಅದೇಕೆ ಅಸಾಧ್ಯ? ಟೆಂಡರಿನ ದರವನ್ನು ಒಳಗೊಳಗೇ ಗೊತ್ತುಮಾಡಿಕೊಳ್ಳುವ ಕೂಟವನ್ನು ನಾವು ಬಯಸುತ್ತಿಲ್ಲ. 2002ರ ಸ್ಪರ್ಧಾ ಕಾಯ್ದೆ ಅದನ್ನು ನಿಷೇಧಿಸಿದೆ. ಸಿಮೆಂಟು, ಕಬ್ಬಿಣಗಳನ್ನು ಕೂಡಿ ಕೊಳ್ಳುವುದು ಬೇರೆ ಮಾತು.

ಇದಕ್ಕಿಂತ ಮಿಗಿಲಾದುದು ಗೌಂಡಿಯ ಹಿತ. ಕಾನೂನಿನಂತೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಫಲಾನುಭವಿಯಾಗಲು ಆತನು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ಮೂರು ಊರುಗಳಲ್ಲಿ ಮೂವರ ಬಳಿ ಮೂವತ್ತು ಮೂವತ್ತು ದಿನ ದುಡಿದವನಿಗೆ, ಆ ಮೂವರೂ ಕೂಡಿ ಲೆಕ್ಕ ಬರೆದುಕೊಡದಿದ್ದರೆ ಸಾಕ್ಷಿ ಹೇಳುವವರಾರು?