ಅಂಗಳದ ದಾಸವಾಳ, ತೋಟದ ಹಿಟ್ಟು ತಿಗಣೆ

ಕಾಫಿ, ಅಡಿಕೆ ಬೆಳೆಯುವವರಿಗೆ ದಾಸವಾಳ ನೆಡುವುದನ್ನೂ ಹೇಳಿಕೊಡಬೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಬೇಲಿಯ ಕೆಂಪು ದಾಸವಾಳಕ್ಕಾದರೆ ಬೇಡ. ಮಳೆ ಹಿಡಿದಾಗ ಪೆನ್ಸಿಲ್ ಗಾತ್ರದ ತುಂಡೊಂದನ್ನು ಊರಿದರೆ ತಾನಾಗಿ ಚಿಗುರುತ್ತದೆ. ಆದರೆ ಈಚೆಗೆ ನಮ್ಮ ಮನೆಗಳ ಮುಂದೆ ಕಾಣುತ್ತಿರುವುದು ಪೇಟೆಯ ನರ್ಸರಿಯಿಂದ ತಂದ, ಅಂಗೈಯಗಲದ ಹಳದಿ, ಕೇಸರಿ ಹೂ ಬಿಡುವ ಮಿಶ್ರತಳಿಗಳು. ಇವುಗಳ ಸ್ವಭಾವ ಬೇರೆ. ಇವುಗಳೊಡನೆ ಬರಬಹುದಾದ ಹಿಟ್ಟು ತಿಗಣೆಯಂತೂ ನೇರವಾಗಿ ನಮ್ಮ ಕಸುಬಿಗೇ ಸಂಬಂಧಪಟ್ಟ ವಿಷಯ.

ಮೊದಲು ಜಾಗದ ಮಾತು. ಕೊಯ್ಲಿನ ಕಾಲದಲ್ಲಿ ನಮ್ಮ ಅಂಗಳ ಅಡಿಕೆಗೂ ಕಾಫಿಗೂ ಸೇರಿದ್ದು. ಹರವಿದ ಹಣ್ಣಿನ ಮೇಲೆ ಹೂಗಿಡದ ನೆರಳು ಬಿದ್ದರೆ ಯಾವ ಯಜಮಾನರೂ ಸಹಿಸುವುದಿಲ್ಲ. ಹಾಗೆಂದು ಅಡಿಕೆ ಮರಗಳ ನಡುವೆ ನೆಟ್ಟರೆ, ದಿನಕ್ಕೆ ಐದಾರು ಗಂಟೆಯ ಬಿಸಿಲು ಸಿಗದೆ ದಾಸವಾಳ ಎಲೆ ಬಿಟ್ಟೀತೇ ಹೊರತು ಹೂ ಬಿಡದು. ಆದ್ದರಿಂದ ಎತ್ತಿಡಬಹುದಾದ ಕುಂಡವೇ ವಾಸಿ. 12 ಅಂಗುಲಕ್ಕಿಂತ ಚಿಕ್ಕದು ಬೇಡ. ಎರಡು ಪಾಲು ಮಣ್ಣಿಗೆ ಒಂದೊಂದು ಪಾಲು ಕಳಿತ ಗೊಬ್ಬರ, ಮರಳು ಸಾಕು. ಕಾಫಿ ಸಿಪ್ಪೆ ಹಾಕುವುದಾದರೆ ಪೂರ್ತಿ ಕಳಿತದ್ದನ್ನೇ ಹಾಕಬೇಕು. ಹಸಿ ಸಿಪ್ಪೆ ಕುಂಡದೊಳಗೆ ಕಾವೇರುತ್ತದೆ. ಮಳೆಗಾಲದಲ್ಲಿ ಕುಂಡವನ್ನು ಸೂರಿನ ನೀರು ಬೀಳುವ ಸಾಲಿನಿಂದ ಸರಿಸಿ ಇಟ್ಟಿಗೆಯ ಮೇಲಿಡಿ. ತಳದ ತೂತು ಕಟ್ಟಿಕೊಂಡರೆ ಆಷಾಢ ಮುಗಿಯುವುದರೊಳಗೆ ಬೇರು ಕೊಳೆಯುತ್ತದೆ.

ಹೂ ಬರುವುದು ಹೊಸ ಚಿಗುರಿನಲ್ಲಿ. ಮಳೆ ನಿಂತ ಮೇಲೆ ರೆಂಬೆಗಳನ್ನು ಮೂರನೆಯ ಒಂದು ಪಾಲು ಸವರಿದರೆ ಗಿಡ ಪೊದೆಯಾಗಿ ಹೂ ಹೆಚ್ಚುತ್ತದೆ. ಮಿಶ್ರತಳಿಗಳನ್ನು ಅನೇಕ ವೇಳೆ ನಾಡ ದಾಸವಾಳದ ಬೇರಿನ ಮೇಲೆ ಕಸಿ ಕಟ್ಟಿರುತ್ತಾರೆ. ಕಸಿಗಂಟಿನ ಕೆಳಗಿನ ಚಿಗುರನ್ನು ಆಗಾಗ ಚಿವುಟದಿದ್ದರೆ ಎರಡು ವರ್ಷದಲ್ಲಿ ಹಳದಿ ಹೋಗಿ ಕೆಂಪು ಉಳಿಯುತ್ತದೆ. ನರ್ಸರಿಯವರು ಮೋಸ ಮಾಡಿದರೆಂದು ದೂರುವವರು ಗಂಟಿನ ಕಡೆ ಒಮ್ಮೆ ನೋಡುವುದು ಒಳ್ಳೆಯದು.

ಇನ್ನು ತಿಗಣೆ. ಚಿಗುರಿನ ತುದಿಯಲ್ಲಿ ಹತ್ತಿಯಂತೆ ಬಿಳಿ ಮೆತ್ತಿಕೊಂಡು, ಎಲೆ ಮುರುಟಿ, ಇರುವೆಗಳು ಸಾಲುಗಟ್ಟಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ. ಕಾಫಿಯನ್ನು ಕಾಡುವ ಹಿಟ್ಟು ತಿಗಣೆಗಳಿಗೆ ದಾಸವಾಳವೂ ಆಹಾರವೇ. ಬೇಸಿಗೆಯಲ್ಲಿ ಇವು ಹೆಚ್ಚುತ್ತವೆ. ಎಳೆಯ ಕಾಫಿ ಗಿಡದ ಬೇರನ್ನೂ ಬಿಡುವುದಿಲ್ಲ. ಹೊಸ ದಾಸವಾಳವನ್ನು ತಂದು ಕಾಫಿ ತೊಟ್ಟೆಗಳ ಪಕ್ಕದಲ್ಲೇ ಇಳಿಸುವುದನ್ನು ನಾವು ಹಲವು ಮನೆಗಳಲ್ಲಿ ಕಂಡಿದ್ದೇವೆ. ಎರಡಕ್ಕೂ ನೀರು ಹಾಕುವುದು ಸುಲಭವೆಂಬುದು ಅವರ ಲೆಕ್ಕ. ತಿಗಣೆಗೂ ಅದು ಸುಲಭ. ಹೊತ್ತುಕೊಂಡು ಹೋಗಲು ಇರುವೆಗಳಿವೆ.

ಆಗ ಕೈಹೋಗುವುದು ತೋಟಕ್ಕೆ ಸಿಂಪಡಿಸಿ ಉಳಿದ ಕೀಟನಾಶಕಕ್ಕೆ. ಇದನ್ನು ನಾವು ಖಡಾಖಂಡಿತವಾಗಿ ವಿರೋಧಿಸುತ್ತೇವೆ. ದಾಸವಾಳದ ಹೂ ದೇವರಿಗೆ ಹೋಗುತ್ತದೆ, ತಂಬುಳಿಗೆ ಬೀಳುತ್ತದೆ. ಎಲೆಯ ಗೊಂಪು ಮಕ್ಕಳ ತಲೆಗೇರುತ್ತದೆ. ವಿಷ ಹೊಡೆದ ಗಿಡವೆಂದು ಅಡಿಗೆಮನೆಗೆ ತಿಳಿಯುವುದು ಹೇಗೆ?

ಮೇಲಾಗಿ, ಸಾಯುವುದು ತಿಗಣೆ ಮಾತ್ರವಲ್ಲ. ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವನ್ನು 1898ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ್ದು ಕಾಫಿಯ ಹಸಿರು ತಿಗಣೆಗಾಗಿ. ಅದರಲ್ಲಿ ಹೆಚ್ಚು ಕೆಲಸ ಮಾಡದಿದ್ದರೂ ಹಿಟ್ಟು ತಿಗಣೆಯನ್ನು ತಿನ್ನುವುದರಲ್ಲಿ ಹೆಸರಾಯಿತು. ಇದರ ಮರಿಹುಳುವಿನ ಮೈಮೇಲೂ ಬಿಳಿ ಮೇಣದ ಕುಚ್ಚುಗಳಿರುವುದರಿಂದ ನಮ್ಮವರು ಅದನ್ನೇ ತಿಗಣೆಯೆಂದು ಹೊಸಕಿಹಾಕುತ್ತಾರೆ. ಗಾತ್ರದಲ್ಲಿ ದೊಡ್ಡದಿದ್ದು ಚುರುಕಾಗಿ ಓಡಾಡಿದರೆ ಅದು ಮಿತ್ರ, ಬಿಟ್ಟುಬಿಡಿ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆಯೂ ದಾಸವಾಳಕ್ಕೆ ಹಬ್ಬುವಂಥದು. ಅದನ್ನು ಹತೋಟಿಗೆ ತಂದದ್ದು 2010ರಲ್ಲಿ ಹೊರದೇಶದಿಂದ ತರಿಸಿ ಬಿಟ್ಟ ಸಣ್ಣ ಕಣಜ. ಸಿಂಪರಣೆ ಈ ಕಣಜವನ್ನೂ ಕೊಲ್ಲುತ್ತದೆ.

ನಾಲ್ಕಾರು ಕುಂಡಗಳಿಗೆ ಪಂಪು ಹೊರುವ ಅಗತ್ಯವೂ ಇಲ್ಲ. ಮುತ್ತಿದ ತುದಿಯನ್ನು ಕತ್ತರಿಸಿ ಸುಡಿ. ಉಳಿದ ಗಿಡಕ್ಕೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ ತಿಗಣೆ ಉದುರಿಸಿ. ಆಮೇಲೆ ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕದಡಿ, ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಇರುವೆಯ ದಾರಿ ಕಡಿಯದಿದ್ದರೆ ಇದೆಲ್ಲ ವ್ಯರ್ಥ. ಗೋಡೆಗೆ ತಾಗುವ ರೆಂಬೆಗಳನ್ನು ಮೊದಲು ಸವರಿ.

ಹೊಸ ಗಿಡ ಕೊಳ್ಳುವಾಗ ಎಲೆ ಮಗುಚಿ, ಕಸಿಗಂಟಿನ ಸಂದಿಯನ್ನೂ ನೋಡಿ. ತಂದ ಮೇಲೆ ಮೂರು ವಾರ ಕಾಫಿ ತೊಟ್ಟೆಗಳಿಂದಲೂ ತೋಟದಿಂದಲೂ ದೂರ, ಮನೆಯ ಇನ್ನೊಂದು ಬದಿಗಿಡಿ.